ಇನಿಷಿಯಲ್ ತಂದ ಫಜೀತಿ: ಡೊಂಬಿವಲಿಯಿಂದ ಬ್ರಿಟನ್ನಿಗೆ ನನ್ನ ನರ್ಸಿಂಗ್ ನೋಂದಣಿ

‘ಲೈಸೆನ್ಸ್ ಟ್ರಾನ್ಸ್‌ಫರ್ ಆಯ್ತಾ?’ ಅಂತ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು, ಗ್ಯಾಸ್ ಕನೆಕ್ಷನ್ ಬದಲಾಯಿಸಿದ ಹಾಗೆ. ನಿಜ ಹೇಳಬೇಕೆಂದರೆ ಏನೂ ಟ್ರಾನ್ಸ್‌ಫರ್ ಆಗುವುದಿಲ್ಲ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿ ನಮ್ಮ ಕಾಗದ ನೋಡಿ, ಪರೀಕ್ಷೆ ಮಾಡಿ, ಹೊಸ ನೋಂದಣಿ ಕೊಡುತ್ತದೆ.

ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಓದಿದ್ದು ಹುಬ್ಬಳ್ಳಿಯಲ್ಲಿ. ಮೊದಲು ಕರ್ನಾಟಕದಲ್ಲಿ ನೋಂದಣಿ. ಮದುವೆಯಾಗಿ ಮುಂಬೈಗೆ ಬಂದ ಮೇಲೆ ಎನ್‌ಒಸಿ ತಂದು ಮಹಾರಾಷ್ಟ್ರದಲ್ಲಿ ಇನ್ನೊಂದು. ಎರಡೂ ಕಡೆಯಿಂದ ದೃಢೀಕರಣ ಬೇಕಾಯಿತು.

ಸಿಕ್ಕಿಹಾಕಿಕೊಂಡಿದ್ದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಮೇಲೆ ನನ್ನ ಹೆಸರು. ಕರ್ನಾಟಕದ ನೋಂದಣಿಯಲ್ಲೂ ಹಾಗೇ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ತವರಿನ ಅಡ್ಡಹೆಸರು ಹಾಕಿದ್ದರು. ಮುಂಬೈಯಲ್ಲಿ ಕೇಳಬೇಕೇ? ಮಧ್ಯೆ ಗಂಡನ ಹೆಸರು, ಕೊನೆಗೆ ಗಂಡನ ಮನೆಯ ಅಡ್ಡಹೆಸರು. ಆಸ್ಪತ್ರೆಯ ಅನುಭವ ಪತ್ರದಲ್ಲಂತೂ ಇಂಗ್ಲಿಷಿನ ಒಂದು ‘ಎಚ್’ ಮಾಯವಾಗಿತ್ತು. ನಮಗೆ ನಾಲ್ಕೂ ನಾನೇ. ದೂರದಲ್ಲಿ ಕೂತು ಫೈಲ್ ನೋಡುವವರಿಗೆ ನಾಲ್ಕು ಜನ ಹೆಂಗಸರು!

ತಪ್ಪು ನನ್ನದೇ. ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದದೆ ಅಪ್‌ಲೋಡ್ ಮಾಡಿಬಿಟ್ಟಿದ್ದೆ. ಆಮೇಲೆ ಪಾಸ್‌ಪೋರ್ಟಿನ ಹೆಸರನ್ನೇ ಆಧಾರ ಮಾಡಿಕೊಂಡೆ. ಎಲ್ಲ ಹೆಸರೂ ಒಬ್ಬಳದೇ ಎಂದು ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿದೆ, ಮದುವೆ ಸರ್ಟಿಫಿಕೇಟ್ ಜೋಡಿಸಿದೆ, ಅನುಭವ ಪತ್ರ ಹೊಸದಾಗಿ ಬರೆಸಿದೆ. ನೈಟ್ ಡ್ಯೂಟಿ ಮುಗಿಸಿ, ಲೋಕಲ್‌ನಲ್ಲಿ ನಿಂತೇ ನಿದ್ದೆ ಮಾಡುತ್ತ ಆಫೀಸುಗಳಿಗೆ ಓಡಾಡಿದೆ. ನಾಲ್ಕು ತಿಂಗಳು ಹೋಯಿತು. ನೀವು ಈ ಕೆಲಸ ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲೇ ಮುಗಿಸಿಕೊಳ್ಳಿ.

ಇಂಗ್ಲಿಷ್ ಬರುತ್ತದೆ ಎಂದು ತೋರಿಸಲು ಮೊದಲು ಐಇಎಲ್‌ಟಿಎಸ್ ಪರೀಕ್ಷೆ ಬರೆದೆ. ಬರವಣಿಗೆಯಲ್ಲಿ 6.5 ಬೇಕು, ಬಂದಿದ್ದು 6. ಪ್ರಬಂಧ ನನ್ನ ಕೈಗೆ ಹತ್ತುವ ವಿದ್ಯೆಯಲ್ಲ ಅಂತ ಒಇಟಿಗೆ, ಅಂದರೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆಗೆ, ಬದಲಾಯಿಸಿದೆ. ಅಲ್ಲಿ ರೋಗಿಯ ಕೇಸ್ ನೋಟ್ಸ್ ಕೊಟ್ಟು ಪತ್ರ ಬರೆಸುತ್ತಾರೆ. ಅದು ನಾವು ವಾರ್ಡಿನಲ್ಲಿ ದಿನಾ ಮಾಡೋದೇ ಅಲ್ವಾ? ಒಂದೇ ಸಲಕ್ಕೆ ಪಾಸು. ಮುಂದಿನದು ಸಿಬಿಟಿ, ಕಂಪ್ಯೂಟರ್ ಪರೀಕ್ಷೆ. 15 ಲೆಕ್ಕ, 100 ನರ್ಸಿಂಗ್ ಪ್ರಶ್ನೆ. ಮುಂಬೈಯಲ್ಲೇ ಬರೆದೆ. ಡ್ರಿಪ್ ರೇಟು, ಮಿಲಿಗ್ರಾಂ-ಮೈಕ್ರೋಗ್ರಾಂ ಸರಿಯಾಗಿ ಬಂದರೆ ಲೆಕ್ಕಕ್ಕೆ ಹೆದರಬೇಕಿಲ್ಲ.

ಕೊನೆಯದು ಆಸ್ಕಿ, ಕೈಯಲ್ಲಿ ಮಾಡಿ ತೋರಿಸುವ ಪ್ರಾಕ್ಟಿಕಲ್ ಪರೀಕ್ಷೆ. ಅದನ್ನು ಮಾತ್ರ ಬ್ರಿಟನ್ನಿಗೆ ಹೋಗಿಯೇ ಕೊಡಬೇಕು. ಹತ್ತು ಸ್ಟೇಷನ್. ಕೈಯಲ್ಲಿ ಮಾಡುವುದನ್ನು ಬಾಯಲ್ಲೂ ಹೇಳುತ್ತಿರಬೇಕು, ನಮಗೆ ಅದೇ ಕಷ್ಟ. ಹದಿನಾಲ್ಕು ವರ್ಷ ಸುಮ್ನೆ ಕೆಲಸ ಮಾಡಿದವಳು ನಾನು. ಹೊರಡುವ ಮುಂಚೆ ಅತ್ತೆಯನ್ನು ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿಸಿ ರೋಗಿ ಮಾಡಿದೆ. ಔಷಧಿ ಕೊಡುವ ಮೊದಲು ಹೆಸರು, ಹುಟ್ಟಿದ ದಿನ ಕೇಳಬೇಕು, ಕೈಪಟ್ಟಿ ನೋಡಬೇಕು, ಅಲರ್ಜಿ ಕೇಳಬೇಕು. ಕೈಪಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೆ. ಹುಟ್ಟಿದ ದಿನ ಕೇಳಿದರೆ ಅತ್ತೆ, ‘ನಾಗರ ಪಂಚಮಿ ಆಜೂಬಾಜೂ’ ಅಂದರು. ಅಲರ್ಜಿ? ‘ಬದನಿಕಾಯಿ ತಿಂದ್ರ ತುರಸತೈತಿ.’ ನಗು ತಡೆದುಕೊಂಡು ಚಾರ್ಟಿನಲ್ಲಿ ಬರೆದುಕೊಂಡೆ.

ಪರೀಕ್ಷೆಯ ದಿನ ಕೈಪಟ್ಟಿಯ ಹೆಸರನ್ನು ಚಾರ್ಟಿನ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ಗಟ್ಟಿಯಾಗಿ ಓದಿದೆ. ಆ ‘ಎಚ್’ ನೆನಪಿತ್ತು.

ಪಾಸಾಗಿ ಪಿನ್, ಅಂದರೆ ಎನ್‌ಎಂಸಿಯ ನೋಂದಣಿ ಸಂಖ್ಯೆ, ಬಂತು. ಕೊನೆಯ ಅಕ್ಷರ ‘ಓ’, ಹೊರದೇಶದಿಂದ ಬಂದವರದು. ರಿಜಿಸ್ಟರಿನಲ್ಲಿ ನನ್ನ ಹೆಸರು ಕಾಣುವ ಪುಟವನ್ನು ವೀಡಿಯೊ ಕಾಲ್‌ನಲ್ಲಿ ಅತ್ತೆಗೆ ತೋರಿಸಿದೆ. ಕನ್ನಡಕ ಏರಿಸಿ ಮೊಮ್ಮಗನ ಹತ್ತಿರ ಓದಿಸಿಕೊಂಡರು. ‘ಎಲ್ಲಾ ಖರೆ. ಇದರಾಗ ನಮ್ಮನಿ ಅಡ್ಡಹೆಸರ ಎಲ್ಲೈತವಾ?’