ಬಾಗಿಲ ಲೆಕ್ಕ: ಕ್ರೂಸ್ ಸೂಟಿಗೆ ಸುರಿದ ದುಡ್ಡನ್ನು ನಾನು ಅಳೆದದ್ದು ಹೀಗೆ

ಹೋದ ತಿಂಗಳು ಕನ್ನಡ ಕೂಟದ ಊಟದಲ್ಲಿ ಪಕ್ಕದಲ್ಲಿ ಕೂತವರು ಪಾಯಸದ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, "ಆ ಕ್ರೂಸಿನ ಗಂಟೆ ಲೆಕ್ಕದ ಎಕ್ಸೆಲ್ ಫೈಲ್ ಇದೆಯಲ್ಲಾ, ಅದನ್ನ ನನಗೂ ಕಳಿಸ್ತೀರಾ?" ಎರಡು ವರ್ಷದ ಹಿಂದೆ ಇದೇ ಮನುಷ್ಯ, ಇದೇ ಹಾಲ್‌ನಲ್ಲಿ, "ರಜಕ್ಕೆ ಹೋಗಿ ಟೈಮ್‌ಶೀಟ್ ತುಂಬೋದು ಇಡೀ ನ್ಯೂಜೆರ್ಸಿಯಲ್ಲಿ ನೀವೊಬ್ಬರೇ ಸ್ವಾಮಿ" ಅಂತ ಎಲ್ಲರೆದುರು ನಗಾಡಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಲ್ಕನಿ ಅಂದರೆ ಸಮುದ್ರಕ್ಕೆ ತೆರೆದ ಬಾಲ್ಕನಿಯ ಸಾದಾ ರೂಮು, ಸೂಟು ಅಂದರೆ ಅದಕ್ಕಿಂತ ದುಬಾರಿ ರೂಮು. ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ನೀವೂ ನಾಲ್ಕಾರು ಸಲ ಹೋಗಿ ಬಂದವರು. ನಮ್ಮೆಲ್ಲರ ತಲೆಬಿಸಿ ಒಂದೇ. ಸಾವಿರಾರು ಜನರ ಹಡಗಿನಲ್ಲೇ ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಬಾಗಿಲಿನ ಹಿಂದೆ, ಸೂಟಿನವರಿಗೇ ಮೀಸಲಾದ ಭಾಗದಲ್ಲಿ, ಎಂಎಸ್‌ಸಿ ಕಂಪನಿಯ ಯಾಟ್ ಕ್ಲಬ್ಬೋ, ನಾರ್ವೀಜಿಯನ್‌ನ ಹೇವನ್ನೋ, ಸೆಲೆಬ್ರಿಟಿಯ ರಿಟ್ರೀಟೋ ಹಿಡಿಯಬೇಕಾ? ಇಲ್ಲ ಇನ್ನಷ್ಟು ಸುರಿದು ಆರೇಳುನೂರು ಜನರ ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್ ಥರದ ಹಡಗೇ ಹತ್ತಬೇಕಾ?

ತಮಾಷೆ ಏನಂದ್ರೆ ಎಷ್ಟೋ ಕಡೆ ಗಲ್ಲಾಪೆಟ್ಟಿಗೆ ಒಂದೇ. ಹೇವನ್ ನಡೆಸುವ ನಾರ್ವೀಜಿಯನ್ನೂ ರೀಜೆಂಟೂ ಒಂದೇ ಗುಂಪಿನವು. ಸೆಲೆಬ್ರಿಟಿ, ಸಿಲ್ವರ್‌ಸೀ ಎರಡೂ ರಾಯಲ್ ಕೆರಿಬಿಯನ್ ಗುಂಪಿನವು. ಎಂಎಸ್‌ಸಿ 2008ರಲ್ಲಿ ಫ್ಯಾಂಟೇಸಿಯಾ ಹಡಗಿನಲ್ಲಿ ಯಾಟ್ ಕ್ಲಬ್ ಶುರು ಮಾಡಿತು. 2023ರಲ್ಲಿ ಅದೇ ಮನೆಯಿಂದ ಎಕ್ಸ್‌ಪ್ಲೋರಾ ಬಂತು. ಒಂದೇ ಸೀರೆ ಅಂಗಡಿಯ ಎರಡು ಮಹಡಿ ಅಂದುಕೊಳ್ಳಿ. ಯಾವ ಮಹಡಿಗೆ ಹೋದರೂ ಬಿಲ್ಲು ಅವರದ್ದೇ.

ಜನ ಸೂಟಿನವರ ಸೇವೆಗಿರುವ ಬಟ್ಲರ್ ಬಗ್ಗೆ, ಕ್ಯಾವಿಯರ್ ಅನ್ನೋ ಮೀನಿನ ಮೊಟ್ಟೆ ಬಗ್ಗೆ ವಾದ ಮಾಡುತ್ತಾರೆ. ನಾವು ಸಸ್ಯಾಹಾರಿಗಳು, ಕ್ಯಾವಿಯರ್ ಕಟ್ಟಿಕೊಂಡು ನನಗೇನಾಗಬೇಕು? ನಾನು ಅಳೆಯುವುದು ಒಂದನ್ನೇ. ಆ ಕಾರ್ಡ್ ಬಾಗಿಲಿನ ಒಳಗೆ, ಎಚ್ಚರ ಇದ್ದಾಗ, ಎಷ್ಟು ಗಂಟೆ ಕೂತೆ? ಸಾಮಾನ್ಯ ಬಾಲ್ಕನಿ ರೂಮಿಗಿಂತ ಎಷ್ಟು ಜಾಸ್ತಿ ಕೊಟ್ಟೆನೋ ಅದನ್ನು ಆ ಗಂಟೆಗಳಿಂದ ಭಾಗಿಸುತ್ತೇನೆ. ಅಷ್ಟೇ.

ನಿಯಮಗಳು ಸ್ವಲ್ಪ ಇವೆ. ನಿದ್ದೆ, ಸ್ನಾನ ಲೆಕ್ಕಕ್ಕಿಲ್ಲ. ಲಾಂಜ್, ಒಳಗಿನ ರೆಸ್ಟೋರೆಂಟ್, ಒಳಗಿನ ಈಜುಕೊಳಕ್ಕೆ ಪೂರ್ತಿ ಗಂಟೆ. ಸೂಟಿನಲ್ಲಿ ಸುಮ್ನೆ ಕೂತರೆ ಅರ್ಧ, ಯಾಕಂದ್ರೆ ಬಾಲ್ಕನಿ ರೂಮಿನಲ್ಲೂ ಕುರ್ಚಿ ಇರುತ್ತದೆ. ದಿನಾ ರಾತ್ರಿ ಮಲಗುವ ಮುಂಚೆ ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮೈಸೂರಿಗೆ ಹೋದಾಗ ಒಂದು ಡಜನ್ ತಂದಿಟ್ಟಿದ್ದೇನೆ.

ಈ ಲೆಕ್ಕ ಹುಟ್ಟಿದ್ದು ಒಂದು ದೊಡ್ಡ ಪೆಟ್ಟಿನಿಂದ. ಮೊದಲ ಸಲ ಬಾರ್ಸಿಲೋನಾದಿಂದ ಏಳು ರಾತ್ರಿ, ದೊಡ್ಡ ಹಡಗಿನ ಕಾರ್ಡ್ ಬಾಗಿಲೊಳಗಿನ ಸೂಟಿನಲ್ಲಿ ಹೋದೆವು. ಕಂಪನಿ ಹೆಸರು ಬೇಡ. ಇಬ್ಬರಿಗೆ ಸುಮಾರು 6,900 ಡಾಲರ್. ಅದೇ ಹಡಗಿನ ಬಾಲ್ಕನಿ 3,000ಕ್ಕೆ ಸಿಗುತ್ತಿತ್ತು. ಹೆಚ್ಚುವರಿ 3,900. ಹೆಚ್ಚುಕಡಿಮೆ ದಿನಾ ಒಂದೊಂದು ಬಂದರು. ಬೆಳಿಗ್ಗೆ ಏಳೂವರೆಗೆ ಇಳಿ, ಸಂಜೆ ಐದಕ್ಕೆ ಹತ್ತು, ಸ್ನಾನ, ಊಟ, ನಿದ್ದೆ. ಒಳಗಿನ ಈಜುಕೊಳವನ್ನು ನಾನು ನೋಡಿದ್ದು ಎರಡು ಸಲ. ಅದರಲ್ಲಿ ಒಂದು ಸಲ ಫೋಟೋ ತೆಗೆಯೋಕೆ. ರೋಮ್ ನೋಡಲು ಚಿವಿತಾವೆಕ್ಕಿಯಾದಲ್ಲಿ ಇಳಿದ ದಿನ ಬಟ್ಲರ್ ನಮ್ಮನ್ನು ಸಾಲು ತಪ್ಪಿಸಿ ಹಡಗಿನ ಬಾಗಿಲ ತನಕ ರಾಜಮರ್ಯಾದೆಯಲ್ಲಿ ಕರೆದುಕೊಂಡು ಬಂದರು. ಆಮೇಲೆ? ಐವತ್ತು ಜನರ ಬಸ್ಸು. ಒಂದೂವರೆ ಗಂಟೆ. ನನ್ನ ಹಿಂದಿನ ಸೀಟಿನವರು ದಾರಿಯುದ್ದಕ್ಕೂ ಚಿಪ್ಸ್ ತಿಂದರು. ಬಸ್ಸಿನಲ್ಲಿ ಕಾರ್ಡ್ ಬಾಗಿಲು ಇಲ್ಲ.

ವಿಮಾನದಲ್ಲಿ ವಾಪಸ್ ಬರುತ್ತಾ ಟಿಶ್ಯೂ ಕಾಗದದ ಮೇಲೆ ಗೀಚಿದೆ. ದಿನಕ್ಕೆ ನಾಲ್ಕು ಗಂಟೆ, ಏಳು ದಿನಕ್ಕೆ 28. ಗಂಟೆಗೆ 139 ಡಾಲರ್! ಒಂದು ಕುರ್ಚಿ, ಎರಡು ಜ್ಯೂಸಿಗೆ. ಪಕ್ಕದ ಸೀಟಿನಲ್ಲಿದ್ದ ನಮ್ಮನೆಯವರಿಗೆ ತೋರಿಸಲಿಲ್ಲ.

ಎರಡನೇ ಸಲ ಜಾಣತನ ಮಾಡಲು ಹೋದೆ. ಕೆಲವು ಹಡಗುಗಳಲ್ಲಿ ಯಾಟ್ ಕ್ಲಬ್ಬಿಗೆ ಕಿಟಕಿಯೇ ಇಲ್ಲದ ಒಳಗಿನ ಸೂಟೂ ಇರುತ್ತದೆ. ಲಾಂಜ್, ಊಟ, ಬಟ್ಲರ್ ಎಲ್ಲ ಅದೇ, ಬೆಳಕು ಮಾತ್ರ ಇಲ್ಲ. ಬಾಲ್ಕನಿಗಿಂತ ಹೆಚ್ಚುವರಿ 2,400 ಇರಬೇಕು. ಸಮುದ್ರದಲ್ಲೇ ಕಳೆಯುವ ದಿನ ಜಾಸ್ತಿ ಇದ್ದ ಮಾರ್ಗ ಆರಿಸಿದ್ದೆ. ರೂಮಿನಲ್ಲಿ ಕೂರೋಕೆ ಆಗಲ್ಲವಾದ್ದರಿಂದ ಲಾಂಜಿನಲ್ಲೇ ಬಿದ್ದಿದ್ದೆವು. 63 ಗಂಟೆ, ಗಂಟೆಗೆ 38 ಡಾಲರ್. ನನ್ನ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಅದೇ ದಾಖಲೆ. ಆದರೆ ಮೂರನೇ ದಿನ ಬೆಳಿಗ್ಗೆ ಐದೋ ಒಂಬತ್ತೋ ಗೊತ್ತಾಗದೆ ಎದ್ದ ನಮ್ಮನೆಯವರು ಹೇಳಿದ ಮಾತಿಗೆ ಕಾಲಂ ಎಲ್ಲಿಂದ ತರಲಿ? "ಇಷ್ಟು ದುಡ್ಡು ಕೊಟ್ಟು ಕತ್ತಲೆ ಕೋಣೆ. ಮಂಡಿಮೊಹಲ್ಲಾದ ನಮ್ಮಜ್ಜಿ ಮನೆ ಉಗ್ರಾಣಕ್ಕೂ ಒಂದು ಬೆಳಕಿಂಡಿ ಇತ್ತು."

ಆ ಕಿಟಕಿ ಸಾಲ ತೀರಿಸಲಿಕ್ಕೇ ಮೂರನೇ ಸಲ ಸಣ್ಣ ಹಡಗು. ಏಳ್ನೂರು ಜನ, ಎಲ್ಲರಿಗೂ ಸೂಟು. ಏಡ್ರಿಯಾಟಿಕ್ ಸಮುದ್ರ, ಡುಬ್ರೊವ್ನಿಕ್, ಕೊಟೋರ್, ಕೋರ್ಫು. ಇಬ್ಬರಿಗೆ 11,900. ಟಿಪ್ಸು, ದಡದ ಸುತ್ತಾಟ ಎಲ್ಲ ಅದರೊಳಗೇ. ಬುಕ್ ಮಾಡಿದ ದಿನ ಎದೆ ಹೊಡೆದುಕೊಂಡಿತು, ಸುಳ್ಳು ಹೇಳಲ್ಲ.

ಲೆಕ್ಕ ಹೀಗೆ. ಬಾಲ್ಕನಿಯ 3,000 ಕಳೆದರೆ 8,900. ಬಾಲ್ಕನಿಯವರು ಟಿಪ್ಸು, ಸುತ್ತಾಟಕ್ಕೆ ಬೇರೆ ಕೊಡಲೇಬೇಕಾದ 1,300 ಕಳೆಯಿರಿ. ಉಳಿದದ್ದು 7,600. ಇಲ್ಲಿ ಕಾರ್ಡ್ ಬಾಗಿಲೇ ಇಲ್ಲ, ಇಡೀ ಹಡಗೇ ಒಳಗೆ. ಎಚ್ಚರ ಇದ್ದ ದಿನಕ್ಕೆ 15 ಗಂಟೆಯಂತೆ 105. ಗಂಟೆಗೆ 72. ನೋಡಿದಿರಾ? ಬಾರ್ಸಿಲೋನಾದ್ದು 139, ಇದು 72. ಕಡಿಮೆ ದುಡ್ಡಿನದೇ ದುಬಾರಿಯಾಗಿತ್ತು.

ಇದನ್ನು ಕೂಟದಲ್ಲಿ ಹೇಳಿದಾಗಲೇ ಟೈಮ್‌ಶೀಟ್ ಜೋಕು ಬಂದದ್ದು. ಒಬ್ಬರು ಮಾತ್ರ ನ್ಯಾಯವಾದ ತಕರಾರು ತೆಗೆದರು. "ದಡದ ಮೇಲೆ ನಡೆದಾಡಿದ ಗಂಟೆಯನ್ನೂ ಹಡಗಿನ ಖಾತೆಗೆ ಹಾಕಿದರೆ ಹೇಗೆ ಸಾರ್?" ಸರಿ, ದಿನಕ್ಕೆ ಐದು ಗಂಟೆ ಕಿತ್ತುಹಾಕಿದೆ. 70 ಗಂಟೆ, ಗಂಟೆಗೆ 109. ಆದರೂ 139ಕ್ಕಿಂತ ಕೆಳಗೇ. ಇನ್ನೊಬ್ಬರು ವಿಮಾನದ ಖರ್ಚು ಎಲ್ಲಿ ಅಂದರು. ಟಿಕೆಟ್ 2,600, ಮುಂಚಿನ ರಾತ್ರಿ ಹೋಟೆಲ್ 350. ಆದರೆ ಯುರೋಪಿಗೆ ಹೋಗಿ ದೊಡ್ಡ ಹಡಗು ಹತ್ತಿದರೂ ಅದೇ ಖರ್ಚು ತಾನೇ? ಅದು ಲೆಕ್ಕಕ್ಕೆ ಬರುವುದು ಮನೆ ಹತ್ತಿರದ ಬಂದರಿನಿಂದ ಹೊರಡುವಾಗ ಮಾತ್ರ. ಅದಕ್ಕೆ ಬರುತ್ತೇನೆ.

ಸಣ್ಣ ಹಡಗಿನ ಇನ್ನೊಂದು ಲಾಭ ನೋಟ್‌ಬುಕ್ಕಿಗೆ ಸಿಗುವುದಿಲ್ಲ. ಅದು ಹೋಗುವ ಜಾಗ. ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಊರಿನವರು 2022ರಲ್ಲಿ ಮತ ಹಾಕಿ ದಿನಕ್ಕೆ ಸಾವಿರ ಕ್ರೂಸ್ ಪ್ರಯಾಣಿಕರು ಸಾಕು ಅಂದುಬಿಟ್ಟರು. ಬರ್ಮುಡಾದಲ್ಲಿ ದೊಡ್ಡ ಹಡಗು ದ್ವೀಪದ ತುದಿಯ ಡಾಕ್‌ಯಾರ್ಡಿನಲ್ಲಿ ನಿಲ್ಲುತ್ತದೆ, ಸಣ್ಣದು ಹ್ಯಾಮಿಲ್ಟನ್ ಪೇಟೆ ಬೀದಿಯ ಎದುರಿಗೇ ನಿಲ್ಲಬಹುದು. ಬಟ್ಲರ್ ಎಷ್ಟೇ ಒಳ್ಳೆಯವನಾದರೂ ಹಡಗನ್ನು ಚಿಕ್ಕದು ಮಾಡೋಕಾಗಲ್ಲ.

ಹಾಗಂತ ಸಣ್ಣ ಹಡಗು ಸ್ವರ್ಗ ಅಂತೇನಲ್ಲ. ರಾತ್ರಿ ಹತ್ತಕ್ಕೆ ಎಲ್ಲ ದೀಪ ಸಣ್ಣಗೆ. ನಮ್ಮಿಬ್ಬರನ್ನು ಬಿಟ್ಟರೆ ಬಹಳಷ್ಟು ಜನ ಎಪ್ಪತ್ತು ದಾಟಿದವರು. ಒಬ್ಬ ಪಿಯಾನೋದವನು ಏಳು ದಿನವೂ ಅದದೇ ನುಡಿಸಿದ. ಊಟ ಮಾತ್ರ ಮರೆಯೋ ಹಾಗಿಲ್ಲ. ಹಿಂದಿನ ದಿನ ಹೇಳಿದರೆ ಮೆನುವಿನಲ್ಲಿ ಇಲ್ಲದ್ದೂ ಮಾಡಿಕೊಡುತ್ತಿದ್ದರು. ಅಡುಗೆಮನೆಯಲ್ಲಿ ಕುಮಟಾ ಕಡೆಯ ಒಬ್ಬ ಹುಡುಗ ಇದ್ದ. ನಾವು ಮೊಸರನ್ನಕ್ಕೆ ಒಗ್ಗರಣೆ ಹೇಗೆ ಅಂತ ವೇಟರ್‌ಗೆ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದುದು ಅವನ ಕಿವಿಗೆ ಬಿದ್ದಿದೆ. ಮರುದಿನ ಹೇಳದೇ ಕೇಳದೇ ಬಿಸಿ ದಾಳಿತೊವೆ ಬಂತು, ಇಂಗಿನ ಘಮದ ಸಮೇತ. ಪಕ್ಕದ ಮೇಜಿನ ದಂಪತಿ ತಾವೂ ಅದನ್ನೇ ಕೇಳಿದರು.

ಇಲ್ಲೇ ನನ್ನ ಕಾಫಿ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಕಾಯಿಲ್ ಹೀಟರ್, ಕೆಟಲ್ ತರೋ ಹಾಗಿಲ್ಲ, ಸ್ಕ್ಯಾನರ್‌ನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಸ್ಟೀಲ್ ಫಿಲ್ಟರ್‌ಗೆ ಯಾರ ತಕರಾರೂ ಇಲ್ಲ. ದೊಡ್ಡ ಹಡಗಿನಲ್ಲಿ ಬಟ್ಲರ್ ಫ್ಲಾಸ್ಕಿನಲ್ಲಿ ನೀರು ತರುವಷ್ಟರಲ್ಲಿ ಅದು 80 ಡಿಗ್ರಿಗೆ ಇಳಿದಿರುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದ್ದೇನೆ. ಡಿಕಾಕ್ಷನ್ ಕಲಗಚ್ಚಿನ ಥರ. ಪುಡಿ ಜಾಸ್ತಿ ಹಾಕಿದೆ, ಚಿಕೋರಿ ಹೆಚ್ಚಿಸಿದೆ, ಫಿಲ್ಟರ್ ಮೊದಲೇ ಬಿಸಿ ಮಾಡಿಟ್ಟೆ. ಮೂರನೆಯದು ಸ್ವಲ್ಪ ಕೆಲಸ ಮಾಡಿತು. ಸಣ್ಣ ಹಡಗಿನಲ್ಲಿ ಕಾಫಿ ಕೌಂಟರಿನವನು ಫಿಲ್ಟರನ್ನು ತನ್ನ ಮೆಶೀನಿನ ಬಿಸಿನೀರ ನಳದ ಕೆಳಗೇ ಇಡಲು ಬಿಟ್ಟ. ಮುಚ್ಚಳ ಹಾಕಿ ಇಪ್ಪತ್ತು ನಿಮಿಷ ಕಾದೆವು. ಮೂರು ಜನ ಅಜ್ಜಿಯರು ಸ್ಟೂಲ್ ಎಳೆದುಕೊಂಡು ಕೂತು, ತೊಟ್ಟು ತೊಟ್ಟಾಗಿ ಇಳಿಯುವ ಸದ್ದು ಕೇಳುತ್ತಿದ್ದರು. ಒಬ್ಬಾಕೆ ಕುಡಿದು ಮುಖ ಹಿಂಡಿದರು.

ನಾಲ್ಕನೇ ಸಲವೇ ನಿಜವಾದ ಪರೀಕ್ಷೆ. ಅತ್ತೆ ಮಾವ ಮೈಸೂರಿನಿಂದ ಬಂದಿದ್ದರು. ಜನವರಿ ಚಳಿ. ಈ ಸಲ ಮೊದಲು ಲೆಕ್ಕ, ಆಮೇಲೆ ಹಡಗು. ಮನೆಯಿಂದ ಬ್ರೂಕ್ಲಿನ್ ಬಂದರಿಗೆ ಕಾರಿನಲ್ಲೇ ಹೋಗಬಹುದು, ಹಾಗಾಗಿ ವಿಮಾನ, ಹೋಟೆಲ್ ಎರಡೂ ಇಲ್ಲ. ಪಾರ್ಕಿಂಗ್ ಮುನ್ನೂರು ಹತ್ತಿರ. ಫ್ಲೋರಿಡಾ, ಬಹಾಮಾಸ್ ಮುಟ್ಟಿ ಬರುವ ಏಳು ರಾತ್ರಿ, ಅರ್ಧದಷ್ಟು ದಿನ ಬರೀ ಸಮುದ್ರ. ಅತ್ತೆಗೆ ಮಂಡಿನೋವು, ದಡಕ್ಕೆ ಇಳಿಯೋದು ಅಷ್ಟಕ್ಕಷ್ಟೇ. ಒಳಗಿನ 75 ಗಂಟೆ ಗ್ಯಾರಂಟಿ ಅಂತ ಮುಂಚೆಯೇ ಬರೆದು, ಕೂಟದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. "ಅಷ್ಟು ದುಡ್ಡಿಗೆ ಎರಡು ಸಲ ಊರಿಗೆ ಹೋಗಿ ಬರಬಹುದು" ಅಂತ ಉತ್ತರ ಬಂತು.

ದೊಡ್ಡ ಹಡಗಿನಲ್ಲಿ ಎರಡು ಸೂಟು, ಒಂದೊಂದಕ್ಕೆ ಬಾಲ್ಕನಿಗಿಂತ 4,800 ಹೆಚ್ಚು ಇತ್ತು. ಪೂರ್ತಿ ಹಣ ಕಟ್ಟುವ ಕಡೇ ದಿನಕ್ಕಿಂತ ಮುಂಚೆ ಬೆಲೆ ಇಳಿಯಿತು, ಫೋನ್ ಮಾಡಿ ತಲಾ 600 ಇಳಿಸಿಕೊಂಡೆ. ಇದು ನಿಮಗೂ ಗೊತ್ತಿರುತ್ತೆ. ಯಾವ ವಾರ ನೋಡಬೇಕು ಅನ್ನೋದನ್ನು ಮಾತ್ರ ನಾನಿಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ. ಇನ್ನು ಅಪ್‌ಗ್ರೇಡಿಗೆ, ಅಂದರೆ ಇನ್ನೂ ಒಳ್ಳೆಯ ರೂಮಿಗೆ, ಹರಾಜಿನ ಥರ ಬಿಡ್ ಹಾಕೋದು, ಬೇರೆ ಬೇರೆ ಕಡೆ ಮೂರು ಸಲ ಹಾಕಿದ್ದೇನೆ, ಮೂರೂ ಸಲ ಮಣ್ಣು.

ಹೊರಡುವ ಸಂಜೆ ನಾಲ್ವರೂ ಮುಂಭಾಗದ ಲಾಂಜಿನ ಗಾಜಿನ ಎದುರು ಕೂತಿದ್ದೆವು. ಹೊರಗೆ ಮಂಜಿನ ಗಾಳಿ, ಡೆಕ್ಕಿನ ಮೇಲೆ ಒಬ್ಬರೂ ನಿಂತಿರಲಿಲ್ಲ. ವೆರಜಾನೊ ಸೇತುವೆ ಹತ್ತಿರ ಬಂತು. ಅತ್ತೆ ಸೀರೆ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಅಳಿಯಂದ್ರೇ, ತಲೆಗೆ ತಾಗಲ್ವಾ?" ಸೇತುವೆಯ ಹೊಟ್ಟೆ, ಅದರ ಕಬ್ಬಿಣದ ತೊಲೆಗಳು ಒಂದೊಂದೇ ನಮ್ಮ ನೆತ್ತಿ ಮೇಲೆ ಸರಿದು ಹೋದವು. ದಾಟಿದ ಮೇಲೆ ಅತ್ತೆ ಕೈ ಮುಗಿದರು. ಮಾವ ಆಗಲೇ ಎರಡನೇ ತಟ್ಟೆ ಗೋಡಂಬಿ ತರಿಸಿಕೊಂಡಿದ್ದರು. ಆಮೇಲೆ ಏಳು ದಿನವೂ ಅದೇ ಕುರ್ಚಿ ಮಾವನದ್ದು. ಬಟ್ಲರ್ ಅದರ ಮೇಲೆ ಒಂದು ಪುಸ್ತಕ ಇಟ್ಟು ಜಾಗ ಕಾಯುತ್ತಿದ್ದ.

ಎಡವಟ್ಟೂ ಆಯಿತು. ಸೂಟುಗಳು ಹಡಗಿನ ಮುಂದೆ, ಎತ್ತರದಲ್ಲಿ. ನಾರ್ತ್ ಕೆರೊಲಿನಾ ಕರಾವಳಿಯ ಕೇಪ್ ಹ್ಯಾಟರಸ್ ಹತ್ತಿರ ಸಮುದ್ರ ಎದ್ದಾಗ ಅಲ್ಲಿ ತೂಗಾಟ ಸಿಕ್ಕಾಪಟ್ಟೆ. ಅತ್ತೆಯ ಪೂಜೆಯ ತಂಬಿಗೆ ತಗೊಂಡು ಎರಡು ಬೆರಳು ಬಿಟ್ಟು ನೀರು ತುಂಬಿ ಮೇಜಿನ ಮೇಲಿಟ್ಟೆ, ಹತ್ತು ನಿಮಿಷದಲ್ಲಿ ಚೆಲ್ಲಿತು. ಅದನ್ನೇ ಹಿಡಿದುಕೊಂಡು ಆರನೇ ಡೆಕ್ಕಿನ ಮಧ್ಯಕ್ಕೆ ಹೋಗಿ ಇಟ್ಟೆ, ಒಂದು ಹನಿಯೂ ಚೆಲ್ಲಲಿಲ್ಲ. ನಾಲ್ಕು ಸಾವಿರದಷ್ಟು ಹೆಚ್ಚು ಕೊಟ್ಟವರು ವಾಂತಿ ಮಾಡಿಕೊಂಡರು, ಕೆಳಗಿನವರು ಪಿಜ್ಜಾ ತಿಂದರು. ಹಾಗಾಗಿ ಈಗ ಡೆಕ್ ಪ್ಲಾನ್ ನೋಡದೆ ಬುಕ್ ಮಾಡಲ್ಲ. ನಾರ್ವೀಜಿಯನ್ ಪ್ರೈಮಾದಲ್ಲಿ ಹೇವನ್ ಹಿಂಭಾಗದಲ್ಲಿದೆ. ತಂಬಿಗೆ ಅಲ್ಲಿಗೂ ಒಂದು ಸಲ ಹೋಗಬೇಕು.

ಒಟ್ಟು 81 ಗಂಟೆ ಆಯಿತು. 4,200 ಭಾಗಿಸು 81, ಗಂಟೆಗೆ 52. ಸಣ್ಣ ಹಡಗಿನ 72ಕ್ಕಿಂತಲೂ ಕಡಿಮೆ. ಸಮುದ್ರದ ದಿನ ಜಾಸ್ತಿ, ಮನೆ ಹತ್ತಿರದ ಬಂದರು, ಜೊತೆಗೆ ಹಿರಿಯರು ಅಂದರೆ ದೊಡ್ಡ ಹಡಗಿನ ಕಾರ್ಡ್ ಬಾಗಿಲು. ದಿನಾ ಬಂದರು ಅಂದರೆ ಸಣ್ಣ ಹಡಗು, ಅದು ಕೈಗೆಟುಕದಿದ್ದರೆ ದೊಡ್ಡದರಲ್ಲೇ ಸಾದಾ ಬಾಲ್ಕನಿ. ನಡುವೆ ಸಿಕ್ಕಿಕೊಳ್ಳಬೇಡಿ, ನಾನು ಸಿಕ್ಕಿಕೊಂಡು 3,900 ಕೊಟ್ಟಿದ್ದೇನೆ.

ಮುಂದಿನದಕ್ಕೆ ಕುನಾರ್ಡ್‌ನ ಕ್ವೀನ್ ಮೇರಿ 2 ಮೇಲೆ ಕಣ್ಣಿದೆ. ಬ್ರೂಕ್ಲಿನ್‌ನಿಂದ ಸೌತಾಂಪ್ಟನ್‌ಗೆ ಏಳು ರಾತ್ರಿ, ನಡುವೆ ಒಂದೂ ಬಂದರಿಲ್ಲ. ಅದರ ಗ್ರಿಲ್ ಸೂಟಿನವರಿಗೆ ರೆಸ್ಟೋರೆಂಟ್, ಲಾಂಜ್ ಎಲ್ಲ ಬೇರೆಯೇ. ನೋಟ್‌ಬುಕ್ಕಿನಲ್ಲಿ ಈಗಾಗಲೇ 85 ಗಂಟೆ ಅಂತ ಬರೆದಿಟ್ಟಿದ್ದೇನೆ. ನಮ್ಮನೆಯವರು ಕೇಳಿದ್ದು ಒಂದೇ ಪ್ರಶ್ನೆ, ಕಿಟಕಿ ಇದೆಯಾ ಅಂತ.

ಪಾಯಸದವರಿಗೆ ಫೈಲ್ ಕಳಿಸಿದೆ. ಅವರು ತಿರುಗಿ ಫೋನ್ ಮಾಡಿದ್ದರು. "ಎಲ್ಲಾ ಸರಿ ಇದೆ, ಆದರೆ ಜಿ ಕಾಲಂ ಆದ ಮೇಲೆ ಸೀದಾ ಐ ಬರುತ್ತಲ್ಲ, ಎಚ್ ಎಲ್ಲಿ?" ಎಚ್‌ನಲ್ಲಿ ಬೆಲೆ ಇಳಿಯುವ ವಾರಗಳಿವೆ. ಫೈಲ್ ಹಾಳಾಗಿರಬೇಕು, ನೋಡ್ತೀನಿ ಅಂದೆ.