ಬಿಸಿಲೂರಿನ ಕಲ್ಲುಮನೆಗೆ ಅತಿಥಿಗಳು ಬಂದಾಗ

ಕಲಬುರಗಿಯಿಂದ ಸೇಡಂ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿ ನಮ್ಮದು. ಮಾವನವರ ಕಾಲದ ಕಲ್ಲಿನ ಮನೆ. ಮುಂದಿನ ಭಾಗ ಮಣ್ಣು ಹೊದಿಸಿದ ಛಾವಣಿಯ ಹಳೆಯ ಮಾಳಿಗೆ, ಹಿಂದಿನದು ಆಮೇಲೆ ಕಟ್ಟಿಸಿದ ಆರ್‌ಸಿಸಿ. ಮಕ್ಕಳು ಕೆಲಸಕ್ಕೆಂದು ಹೈದರಾಬಾದ್ ಸೇರಿದ ಮೇಲೆ ಕೋಣೆಗಳು ಖಾಲಿ ಬಿದ್ದವು. ಬೀಗ ಹಾಕಿದ ಮನೆ ಬೇಗ ಹಾಳಾಗುತ್ತದೆ. ಹಾಗಾಗಿ ಬಾಡಿಗೆ ಕೊಟ್ಟು ನಾಲ್ಕು ದಿನ ಇರುವವರಿಗೆ ಅದನ್ನು ಸಜ್ಜು ಮಾಡಿದೆವು.

ಯಾರು ಬರುತ್ತಾರೆ ಅಂತ ಊರವರು ಕೇಳುತ್ತಿದ್ದರು. ಬರುತ್ತಾರೆ. ಕಾಗಿಣಾ ನದಿ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು. ಅಲ್ಲಿನ ಕೋಟೆ ನೋಡಲು ಬರುವವರಿದ್ದಾರೆ, ಉತ್ತರಾದಿ ಮಠಕ್ಕೆ ಬರುವ ಭಕ್ತರಿದ್ದಾರೆ. ಭೀಮಾ ದಂಡೆಯ ಸನ್ನತಿಗೆ, ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ನೋಡಲು ಹೋಗುವವರಿದ್ದಾರೆ. ಸಿಮೆಂಟ್ ಕಾರ್ಖಾನೆಗಳಿಗೆ ಬರುವ ಎಂಜಿನಿಯರುಗಳಂತೂ ವಾರಗಟ್ಟಲೆ ಉಳಿಯುತ್ತಾರೆ.

ಇವರೆಲ್ಲರಿಗೂ ಇಲ್ಲಿ ಬೇಕಾಗುವುದು ಎರಡೇ: ತಂಪು ಮತ್ತು ನೀರು. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಗೋಡೆಗೆ ಚಿತ್ರ, ಮೂಲೆಗೆ ಬಣ್ಣದ ದೀಪ ಎಲ್ಲ ಆಮೇಲೆ. ಕೈಯಲ್ಲಿರುವ ದುಡ್ಡು ಮೊದಲು ಛಾವಣಿಗೆ ಮತ್ತು ಬಚ್ಚಲಿಗೆ ಹೋಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮಾಳಿಗೆಯ ಕೋಣೆಗಳಿಗೆ ನಾವು ಫಾಲ್ಸ್ ಸೀಲಿಂಗ್ ಹಾಕಿಸಲಿಲ್ಲ. ದಪ್ಪ ಕಲ್ಲಿನ ಗೋಡೆ, ತೊಲೆಯ ಮೇಲೆ ಪರಸಿ ಅನ್ನುವ ಚಪ್ಪಡಿ ಕಲ್ಲು, ಅದರ ಮೇಲೆ ಮಣ್ಣು. ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಬೆಳಕಿಂಡಿಗೆ ಗಾಜು ಕೂರಿಸಿದೆವು, ಅಷ್ಟೇ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹುಲ್ಲು ಕಿತ್ತು, ಮಣ್ಣು ಸರಿ ಮಾಡಿ, ನೀರು ಹರಿದು ಹೋಗುವ ದೋಣಿಗಳನ್ನು ಬಿಡಿಸಬೇಕು. ಇದನ್ನು ಒಂದು ವರ್ಷ ಬಿಟ್ಟರೂ ಮಾಳಿಗೆ ಸೋರುತ್ತದೆ.

ಆರ್‌ಸಿಸಿ ಹಾಗಲ್ಲ. ಹಗಲೆಲ್ಲ ಕಾದು ರಾತ್ರಿ ಪೂರ್ತಿ ಬಿಸಿ ಬಿಡುತ್ತದೆ. ಅದಕ್ಕೆ ಶಿವರಾತ್ರಿ ಮುಗಿದ ಕೂಡಲೇ ಮೇಲೆ ಸುಣ್ಣ ಹೊಡೆಸುತ್ತೇವೆ. ಸುಣ್ಣದ ಹರಳು ನೆನೆಹಾಕಿ, ಮರುದಿನ ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೈ ಹೊಡೆಯಬೇಕು. ಫೆವಿಕಾಲ್ ಇಲ್ಲದಿದ್ದರೆ ಕಾಲಿಗೆ ಹತ್ತಿ ಉದುರುತ್ತದೆ. ಬಿಳಿ ಛಾವಣಿ ಬಿಸಿಲನ್ನು ವಾಪಸ್ ಕಳಿಸುತ್ತದೆ. ಕೆಳಗೆ ಮಲಗಿದವರಿಗೆ ಆ ವ್ಯತ್ಯಾಸ ಅದೇ ರಾತ್ರಿ ಗೊತ್ತಾಗುತ್ತದೆ. ಸುಣ್ಣ ಕಲಸುವವರ ಕಣ್ಣು, ಕೈ ಜೋಪಾನ.

ಎಸಿ ಬದಲು ಕೂಲರ್ ಇಟ್ಟಿದ್ದೇವೆ. ಒಣ ಗಾಳಿಯ ನಮ್ಮ ಊರಿಗೆ ಅದೇ ಸರಿ. ಕರೆಂಟ್ ಕಡಿಮೆ ಸಾಕು, ಇನ್ವರ್ಟರ್ ಮೇಲೂ ನಡೆಯುತ್ತದೆ. ಆದರೆ ಬೆಂಗಳೂರಿನಿಂದ ಬಂದವರು ಎಸಿ ಅಂದುಕೊಂಡು ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಚ್ಚುತ್ತಾರೆ. ಅರ್ಧ ಗಂಟೆಯಲ್ಲಿ "ಅಕ್ಕಾ, ಮೈಯೆಲ್ಲ ಅಂಟಂಟು ಆಗ್ತಿದೆ" ಅಂತ ಫೋನ್. ಕೂಲರ್ ಹೊರಗಿನ ಒಣ ಗಾಳಿ ಎಳೆದು ನೀರಿನಲ್ಲಿ ತಂಪು ಮಾಡಿ ಒಳಗೆ ತಳ್ಳುತ್ತದೆ. ಆ ಗಾಳಿ ಹೊರಗೆ ಹೋಗಲು ಎದುರು ಕಿಟಕಿ ತೆರೆದಿರಲೇಬೇಕು. ಇದನ್ನು ಕನ್ನಡ, ತೆಲುಗು, ಹಿಂದಿ, ಮರಾಠಿಯಲ್ಲಿ ಬರೆದು ಕೂಲರ್ ಪಕ್ಕದಲ್ಲೇ ಅಂಟಿಸಿದ್ದೇವೆ. ಕೂಲರ್ ಹಚ್ಚದ ಹೊತ್ತಿನಲ್ಲಿ ಮಾತ್ರ ಬಿಸಿಲು ಏರುವ ಮುಂಚೆ ಕಿಟಕಿ ಮುಚ್ಚಿ ಸಂಜೆ ತೆಗೆಯುವುದು. ಕೂಲರ್ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ತಿಕ್ಕಿ, ಒಣಗಿಸಬೇಕು. ಇಲ್ಲದಿದ್ದರೆ ವಾಸನೆ, ಅದಕ್ಕಿಂತ ಹೆಚ್ಚಾಗಿ ಡೆಂಗಿ ಸೊಳ್ಳೆ. ಒಳಗಿನ ಹುಲ್ಲಿನ ಪ್ಯಾಡ್ ಪ್ರತಿ ಬೇಸಿಗೆಗೆ ಹೊಸದು.

ನೆಲದ ವಿಷಯ ನನಗೆ ತುಂಬಾ ಪ್ರೀತಿಯದು. ಮನೆ ತುಂಬ ಶಹಾಬಾದ್ ಪರಸಿ. ಅದನ್ನು ಕಿತ್ತು ಟೈಲ್ಸ್ ಹಾಕಿಸಿ ಅಂದವರು ಬಹಳ ಜನ. ನಾನು ಒಪ್ಪಲಿಲ್ಲ. ಬೇಸಿಗೆಯಲ್ಲಿ ಬರಿಗಾಲಿಗೆ ಆ ಕಲ್ಲು ಕೊಡುವ ತಂಪನ್ನು ಬೇರೆ ಯಾವುದೂ ಕೊಡುವುದಿಲ್ಲ. ಗೌಂಡಿಯಿಂದ ಸಂದಿಗಳನ್ನು ಮತ್ತೆ ತುಂಬಿಸಿ, ಪಡಸಾಲೆಗೆ ಪಾಲಿಶ್ ಹೊಡೆಸಿದೆವು. ಬಚ್ಚಲಲ್ಲಿ ಒರಟು ಕಲ್ಲನ್ನೇ ಉಳಿಸಿದೆವು, ಅಲ್ಲಿ ಪಾಲಿಶ್ ಮಾಡಿದರೆ ವಯಸ್ಸಾದವರು ಜಾರುತ್ತಾರೆ.

ಪರಸಿ ಅಂದರೆ ಸುಣ್ಣದ ಕಲ್ಲು. ಆಸಿಡ್ ಅದರ ಶತ್ರು. ಟಾಯ್ಲೆಟ್ ತೊಳೆಯುವ ನೀಲಿ ದ್ರವ, ನಿಂಬೆಹಣ್ಣು, ವಿನೆಗರ್ ಯಾವುದು ಬಿದ್ದರೂ ಕಲ್ಲು ನೊರೆ ಬಂದು ಬೆಳ್ಳಗೆ ಕಲೆಯಾಗುತ್ತದೆ. ಆ ಕಲೆ ಒರೆಸಿದರೆ ಹೋಗದು, ಮತ್ತೆ ಪಾಲಿಶ್ ಹೊಡೆಸಬೇಕು. ಒರೆಸಲು ಸಾದಾ ಸೋಪಿನ ನೀರು ಸಾಕು. ಎಣ್ಣೆ ಚೆಲ್ಲಿದರೆ ತಕ್ಷಣ ಜೋಳದ ಹಿಟ್ಟು ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಗುಡಿಸಿದರೆ ಬಹುಪಾಲು ಎಳೆದುಕೊಂಡಿರುತ್ತದೆ.

ಇಲ್ಲೇ ಒಂದು ತೊಡಕಿದೆ. ಅದೇ ಸುಣ್ಣದ ಕಲ್ಲಿನ ನೆಲದಡಿಯಿಂದ ಬರುವ ಬೋರಿನ ನೀರು ಗಡಸು. ನಲ್ಲಿ, ಶವರ್ ಮೇಲೆ ಬಿಳಿ ಪದರ ಕಟ್ಟುತ್ತದೆ, ತೂತು ಮುಚ್ಚುತ್ತದೆ. ಅದನ್ನು ಬಿಡಿಸಲು ಬೇಕಾಗುವುದು ಹುಳಿಯೇ. ಆದ್ದರಿಂದ ಶವರ್ ತಲೆ ಬಿಚ್ಚಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ವಿನೆಗರ್ ಹಾಕಿ, ಹೊರಗೆ ಬೇವಿನ ಮರದ ಕೆಳಗೆ ಮಣ್ಣಿನ ಮೇಲೆ ಇಟ್ಟು ನೆನೆಸುತ್ತೇವೆ. ಬಚ್ಚಲ ಒಳಗೆ ಆ ಕೆಲಸ ಬೇಡವೇ ಬೇಡ. ಗೀಸರ್ ಜಾಸ್ತಿ ಕಾಯಿಸಿದಷ್ಟೂ ಒಳಗೆ ಪದರ ಜಾಸ್ತಿ ಕಟ್ಟುತ್ತದೆ. 50 ಡಿಗ್ರಿಗೆ ಇಟ್ಟು, ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿಸಿ ಸ್ವಚ್ಛ ಮಾಡಿಸುತ್ತೇವೆ. ಕುಡಿಯಲು ಫಿಲ್ಟರ್ ನೀರನ್ನು ಮಣ್ಣಿನ ಗಡಿಗೆಯಲ್ಲಿ ತುಂಬಿ ಇಡುತ್ತೇವೆ. ಫ್ರಿಜ್ ಇದ್ದರೂ ಎಲ್ಲರ ಕೈ ಗಡಿಗೆಗೇ ಹೋಗುತ್ತದೆ.

ಹಾಸಿಗೆಗೆ ಬಿಳಿ ಹತ್ತಿ ಚಾದರ. ಪ್ರತಿ ಮಂಚಕ್ಕೆ ಮೂರು ಜೊತೆ: ಒಂದು ಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಕಲ್ಲಿನ ಗೋಡೆಯ ಸಂದಿಗಳನ್ನು ತಪ್ಪದೆ ಮುಚ್ಚಿಸಬೇಕು, ಚೇಳು ಸೇರುವುದು ಅಲ್ಲೇ. ಕಟ್ಟಿಗೆ ರಾಶಿ ಗೋಡೆಗೆ ತಾಗಿಸಿ ಇಡಬಾರದು. ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿಗೆ ಅಂಟಿ ಮನೆ ತುಂಬುತ್ತದೆ, ಬಾಗಿಲಲ್ಲೇ ಕಾಲು ತೊಳೆಯಲು ಕಲ್ಲು, ನೀರು ಇಟ್ಟರೆ ಅರ್ಧ ಕೆಲಸ ಉಳಿಯಿತು. ಕಾಗದ ಪತ್ರವೂ ಸರಿ ಇರಲಿ: ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಪ್ರತಿ ಅತಿಥಿಯ ಗುರುತಿನ ಚೀಟಿಯ ನಕಲು, ವಿದೇಶಿಯರು ಬಂದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಅವರ ಮಾಹಿತಿ.

ಊಟ ನಮ್ಮ ಅಡುಗೆಮನೆಯದೇ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ನಮ್ಮ ಹೊಲದ ತೊಗರಿಯ ಬೇಳೆ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಅತಿಥಿಗಳು ಅದನ್ನು ಕೇಳಿ ಅಲ್ಲ, ತಿಂದು ನೋಡಿ ಬೇಳೆ ಕಟ್ಟಿಸಿಕೊಂಡು ಹೋಗುತ್ತಾರೆ.

ಬುಕಿಂಗ್ ಜಾಸ್ತಿ ಬರುವುದು ಚಳಿಗಾಲದಲ್ಲಿ. ಅದರ ನಡುವೆಯೇ ಎಳ್ಳ ಅಮಾವಾಸ್ಯೆ. ಆ ದಿನ ನಮ್ಮ ಭಾಗದಲ್ಲಿ ಯಾರೂ ಮನೆಯಲ್ಲಿ ಇರುವುದಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ ಹೊತ್ತು ಎಲ್ಲರೂ ಹೊಲಕ್ಕೆ, ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆಯಾಗಿ ಅಡುಗೆಯನ್ನು ಹೊಲದಲ್ಲಿ ಚೆಲ್ಲಲು. ಚಾದರ ಬದಲಿಸುವವರೂ ಇಲ್ಲ, ಮನೆಯಲ್ಲಿ ಒಲೆ ಹಚ್ಚುವವರೂ ಇಲ್ಲ. ಕೆಲಸದವರನ್ನು ಅಂದು ನಿಲ್ಲಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಾಗಂತ ಮನೆ ಮುಚ್ಚುವುದೂ ಇಲ್ಲ. ಫೋನಿನಲ್ಲೇ ಹೇಳಿಬಿಡುತ್ತೇವೆ: ಅಮಾವಾಸ್ಯೆಯ ದಿನ ಮಧ್ಯಾಹ್ನದ ಊಟ ಹೊಲದಲ್ಲಿ, ನಮ್ಮ ಜೊತೆ, ಅದಕ್ಕೆ ದುಡ್ಡಿಲ್ಲ. ಬರಲು ಒಪ್ಪಿದವರಿಗೆ ಮಾತ್ರ ಕೋಣೆ.