ಪ್ರೋಗ್ರಾಂ ಸುಮ್ನೆ ನಿಂತುಬಿಟ್ಟರೆ: ಡೆಡ್‌ಲಾಕ್ ಹುಡುಕಿ ಬಿಡಿಸುವುದು ಹೇಗೆ?

ಎರರ್ ಬಂದಿಲ್ಲ. ಪ್ರೋಗ್ರಾಂ ಮುಚ್ಚಿಯೂ ಇಲ್ಲ. ಆದರೆ ಲಾಗ್‌ನಲ್ಲಿ ಹೊಸ ಸಾಲು ಬೀಳುತ್ತಿಲ್ಲ, ಕೆಲಸ ಮುಂದಕ್ಕೆ ಹೋಗುತ್ತಿಲ್ಲ. ಹೀಗಾದಾಗ ಮೊದಲು ಸಿಪಿಯು ಬಳಕೆ ನೋಡಿ. ಜಾಸ್ತಿ ಇದ್ದರೆ ಎಲ್ಲೋ ಮುಗಿಯದ ಲೂಪ್ ಸುತ್ತುತ್ತಿರಬಹುದು. ಸೊನ್ನೆಯ ಹತ್ತಿರ ಇದ್ದರೆ ಥ್ರೆಡ್‌ಗಳು (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಏನಕ್ಕೋ ಕಾಯುತ್ತಾ ಕೂತಿವೆ ಎಂದರ್ಥ. ಒಂದು ಹಿಡಿದಿರುವುದಕ್ಕೆ ಇನ್ನೊಂದು, ಅದು ಹಿಡಿದಿರುವುದಕ್ಕೆ ಇದು ಎಂದು ಕಾಯುತ್ತಾ ಎಲ್ಲವೂ ನಿಂತುಬಿಟ್ಟರೆ ಅದೇ ಡೆಡ್‌ಲಾಕ್.

ದಯವಿಟ್ಟು ಆಗಲೇ ರೀಸ್ಟಾರ್ಟ್ ಮಾಡಬೇಡಿ. ಮಾಡಿದರೆ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಮೊದಲು ಥ್ರೆಡ್ ಡಂಪ್, ಅಂದರೆ ಪ್ರತಿ ಥ್ರೆಡ್ ಈಗ ಎಲ್ಲಿ ನಿಂತಿದೆ ಎಂಬ ಪಟ್ಟಿ, ತೆಗೆದಿಟ್ಟುಕೊಳ್ಳಿ. ಜಾವಾ ಆದರೆ ಅದರ ಜೊತೆಗೇ ಬರುವ ಜೆಸ್ಟ್ಯಾಕ್ (jstack) ಎಂಬ ಸಾಧನ ಸಾಕು. ಯಾವ ಥ್ರೆಡ್ ಯಾವ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಬಿಡುವ ಬೀಗ) ಹಿಡಿದಿದೆ, ಯಾವುದಕ್ಕೆ ಕಾಯುತ್ತಿದೆ ಎಂದು ಅದೇ ತೋರಿಸುತ್ತದೆ. ಸಿ, ಸಿ++ ಆದರೆ ಓಡುತ್ತಿರುವ ಪ್ರೋಗ್ರಾಂಗೆ ಜಿಡಿಬಿ (gdb) ಎಂಬ ಡೀಬಗರ್ ಜೋಡಿಸಿ, ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್‌ಗಳ ಮೂಲಕ ಇಲ್ಲಿಗೆ ಬಂದಿದೆ ಎಂಬ ಪಟ್ಟಿ) ತೆಗೆಯಿರಿ.

ಈಗ ಒಂದು ಉದಾಹರಣೆ. ಹಣ ವರ್ಗಾಯಿಸುವ ಫಂಕ್ಷನ್ ಇದೆ. ಅದು ಮೊದಲು ಹಣ ಕೊಡುವ ಖಾತೆಯನ್ನು ಲಾಕ್ ಮಾಡುತ್ತದೆ, ಆಮೇಲೆ ಪಡೆಯುವ ಖಾತೆಯನ್ನು. ನೋಡಲು ಸರಿಯಾಗೇ ಇದೆ, ಅಲ್ವಾ? ಒಂದು ಥ್ರೆಡ್ 101ರಿಂದ 205ಕ್ಕೆ ಹಣ ಕಳಿಸಲು ಹೊರಟು 101ನ್ನು ಹಿಡಿಯಿತು. ಅದೇ ಗಳಿಗೆಗೆ ಇನ್ನೊಂದು ಥ್ರೆಡ್ 205ರಿಂದ 101ಕ್ಕೆ ಕಳಿಸಲು 205ನ್ನು ಹಿಡಿಯಿತು. ಈಗ ಮೊದಲನೆಯದಕ್ಕೆ 205 ಬೇಕು, ಎರಡನೆಯದಕ್ಕೆ 101 ಬೇಕು. ತನ್ನ ಕೈಲಿರುವುದನ್ನು ಎರಡೂ ಬಿಡುವುದಿಲ್ಲ.

1965ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ರೂಪಿಸಿದ, ಮುಂದೆ ‘ಊಟಕ್ಕೆ ಕೂತ ತತ್ವಜ್ಞಾನಿಗಳು’ ಎಂದು ಹೆಸರಾದ ಸಮಸ್ಯೆಯೂ ಇದೇ. ದುಂಡು ಮೇಜಿನ ಸುತ್ತ ಐವರು, ನಡುನಡುವೆ ಐದು ಫೋರ್ಕ್, ಉಣ್ಣಲು ಒಬ್ಬರಿಗೆ ಎರಡು ಬೇಕು. ಎಲ್ಲರೂ ಒಟ್ಟಿಗೆ ಎಡಗಡೆಯದನ್ನು ಎತ್ತಿಕೊಂಡರೆ ಯಾರಿಗೂ ಊಟವಿಲ್ಲ. ಡೆಡ್‌ಲಾಕ್ ಆಗಲು ನಾಲ್ಕು ಸಂಗತಿಗಳು ಒಟ್ಟಿಗೆ ಇರಬೇಕು ಎಂದು 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ಬರೆದರು: ಒಂದನ್ನು ಒಬ್ಬರೇ ಬಳಸಬೇಕು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯಬೇಕು, ಯಾರೂ ಕಿತ್ತುಕೊಳ್ಳುವಂತಿಲ್ಲ, ಕಾಯುವಿಕೆ ಸುತ್ತಿ ಬಂದು ಮೊದಲಿಗೇ ಸೇರಬೇಕು. ಒಂದನ್ನು ಮುರಿದರೂ ಗಂಟು ಬಿಚ್ಚುತ್ತದೆ.

ನಾನು ಮೊದಲು ಕೈಹಾಕುವುದು ಕೊನೆಯದಕ್ಕೇ. ಲಾಕ್‌ಗಳಿಗೆ ಒಂದು ಕ್ರಮ ಗೊತ್ತುಮಾಡಿ. ಹಣ ಯಾವ ಕಡೆಗೇ ಹೋಗಲಿ, ಚಿಕ್ಕ ನಂಬರಿನ ಖಾತೆಯನ್ನೇ ಮೊದಲು ಲಾಕ್ ಮಾಡಿ. ಆಗ ಎರಡೂ ಥ್ರೆಡ್‌ಗಳು 101ರ ಬಾಗಿಲಿಗೇ ಬರುತ್ತವೆ. ಒಂದು ಒಳಗೆ ಹೋಗುತ್ತದೆ, ಇನ್ನೊಂದು ಬರಿಗೈಲಿ ಕಾಯುತ್ತದೆ. ಎರಡೂ ನಂಬರ್ ಒಂದೇ ಆಗಿದ್ದರೆ ಲಾಕ್‌ಗೆ ಮೊದಲೇ ವಾಪಸ್ ಬನ್ನಿ. ಇಲ್ಲದಿದ್ದರೆ ಕೆಲವು ಭಾಷೆಗಳಲ್ಲಿ ಥ್ರೆಡ್ ತನಗೆ ತಾನೇ ಕಾಯುತ್ತಾ ಕೂರುತ್ತದೆ.

ಕ್ರಮ ಮೊದಲೇ ಗೊತ್ತಾಗದ ಕಡೆ ಟ್ರೈಲಾಕ್ ಬಳಸಿ, ಅದು ಲಾಕ್ ಸಿಗದಿದ್ದರೆ ಕಾಯುತ್ತಾ ಕೂರದೆ ‘ಸಿಗಲಿಲ್ಲ’ ಎಂದು ಹೇಳಿ ವಾಪಸ್ ಬರುತ್ತದೆ. ಎರಡನೆಯದು ಸಿಗದಿದ್ದರೆ ಮೊದಲನೆಯದನ್ನೂ ಬಿಟ್ಟು, ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಿ. ತಡೆಯುವ ಸಮಯ ಪ್ರತಿ ಸಲ ಬೇರೆಬೇರೆ ಇರಲಿ. ಎಲ್ಲರೂ ಒಂದೇ ಹೊತ್ತಿಗೆ ಬಿಟ್ಟು ಒಂದೇ ಹೊತ್ತಿಗೆ ಹಿಡಿಯುತ್ತಿದ್ದರೆ ಅದು ಲೈವ್‌ಲಾಕ್: ಓಡಾಟ ಇದೆ, ಕೆಲಸ ಇಲ್ಲ.

ಸರಿಹೋಯಿತೇ ಎಂದು ನೋಡಲು ಹಳೆಯ ಕೋಡ್‌ನಲ್ಲಿ ಎರಡು ಲಾಕ್‌ಗಳ ನಡುವೆ ಒಂದು ಸೆಕೆಂಡ್ ಸ್ಲೀಪ್ (ಥ್ರೆಡ್ ಸುಮ್ಮನೆ ತಡೆದು ನಿಲ್ಲುವ ಆದೇಶ) ಹಾಕಿ, ಎದುರುಬದುರು ವರ್ಗಾವಣೆ ಒಟ್ಟಿಗೆ ಓಡಿಸಿ. ಎಂದೋ ಒಮ್ಮೆ ಬರುತ್ತಿದ್ದ ತೊಂದರೆ ಈಗ ಹೆಚ್ಚುಕಡಿಮೆ ಪ್ರತಿ ಸಲ ಬರುತ್ತದೆ. ಅದೇ ಸ್ಲೀಪ್ ಇಟ್ಟುಕೊಂಡು ಹೊಸ ಕೋಡ್ ಓಡಿಸಿ.